ಸವತಿಯ ಮೇಲೆ ಹೊರಿಸಿದ ತಪ್ಪು

ಗೋಡೆ ಕಟ್ಟುವ ಮೇಸ್ತ್ರಿ ಹೆತ್ತ ತಾಯಿಯ ಮಾತನ್ನಾದರೂ ಮೀರಿಯಾನು, ತನ್ನ ತೂಗುಗುಂಡಿನ ಮಾತನ್ನು ಮೀರುವವನಲ್ಲ. ದಾರದ ತುದಿಯ ಆ ಹಿತ್ತಾಳೆ ಗುಂಡು ಸೊಟ್ಟ ಎಂದರೆ ಎದೆಯೆತ್ತರ ಎದ್ದ ಗೋಡೆಯನ್ನೂ ಕೆಡವುತ್ತಿದ್ದ. ಗಾರೆ ಕಲಸಿಕೊಡುವವಳು ಅವನ ಹೆಂಡತಿ. ಕೆಡವಿದ್ದಕ್ಕೆಲ್ಲ ಮತ್ತೆ ಕಲಸಿ ಕಲಸಿ ಸಾಕಾಗಿ, ಅವಳು ಆ ಗುಂಡಿಗೆ ‘ಸವತಿ’ ಎಂದೇ ಹೆಸರಿಟ್ಟಿದ್ದಳು.

ಅವತ್ತು ಬೆಳಗ್ಗೆ ಮೇಸ್ತ್ರಿ ಇಟ್ಟಿಗೆ ಸಾಲಿನ ಮುಂದೆ ಕೂತಲ್ಲೇ ವಾಂತಿ ಮಾಡಿಕೊಂಡ. ಎಲ್ಲ ಗಿರ್ರನೆ ತಿರುಗುತ್ತಿದೆ ಎಂದ.

"ಪಿತ್ತ ಕಣೇ. ಸ್ವಲ್ಪ ಹೊತ್ತು ಮಲಗಿದ್ರೆ ಸರಿಹೋಗುತ್ತೆ."

ಅವಳಿಗೂ ಹಾಗೇ ಅನ್ನಿಸಿತು. ಬಾಯಿ ಸೊಟ್ಟಗಾಗಿರಲಿಲ್ಲ, ಕೈಕಾಲು ಬಿದ್ದಿರಲಿಲ್ಲ; ತಲೆಸುತ್ತು ಯಾರಿಗೆ ತಾನೇ ಬರುವುದಿಲ್ಲ? ಗೋಣಿಚೀಲ ಹಾಸತೊಡಗಿದಳು. ಅಷ್ಟರಲ್ಲಿ ಅವನು ಗೋಡೆಗೆ ಇಳಿಬಿಟ್ಟ ಗುಂಡನ್ನು ದಿಟ್ಟಿಸಿ ಗೊಣಗಿದ.

"ದಾರ ಓರೆಯಾಗಿ ನಿಂತಿದೆ. ಗುಂಡು ಕೆಟ್ಟಿದೆ."

ಅವಳ ಕೈ ನಿಂತಿತು. ಗಾಳಿಯಿಲ್ಲ, ದಾರ ನೆಟ್ಟಗೇ ಇದೆ. ಸವತಿಯ ಮೇಲೆ ಇವನು ತಪ್ಪು ಹೊರಿಸುವುದೆಂದರೇನು?

"ಇದು ಪಿತ್ತ ಅಲ್ಲ ರೀ, ಏಳಿ."

ಎಬ್ಬಿಸಿದರೆ ಪಕ್ಕಕ್ಕೆ ವಾಲಿ ಬಿದ್ದ. "ನಿಂದೆಲ್ಲ ಅತಿ" ಎಂದು ಬೈಯುತ್ತಿದ್ದವನನ್ನು ಇಟ್ಟಿಗೆ ತಂದ ಟೆಂಪೋಗೇ ಹತ್ತಿಸಿಕೊಂಡು ಆಸ್ಪತ್ರೆಗೆ ಓಡಿದಳು.

ಸ್ಕ್ಯಾನ್ ನೋಡಿದ ಡಾಕ್ಟರಮ್ಮ, "ಸ್ಟ್ರೋಕ್ ಆಗಿದೆ. ಮೆದುಳಿನ ಹಿಂಬದಿಗೆ ರಕ್ತ ಹೋಗೋದು ನಿಂತಿದೆ. ಮಲಗಿಸಿಬಿಟ್ಟಿದ್ರೆ ಕೈಮೀರ್ತಿತ್ತು," ಎಂದರು. ಕತ್ತಿನ ಮೇಲ್ಗಡೆ ಬೆರಳಿಟ್ಟು ತೋರಿಸಿದರು. "ಯಾವುದು ನೆಟ್ಟಗೆ, ಯಾವುದು ಓರೆ ಅಂತ ಹೇಳೋದು ಇಲ್ಲೇ."

ಅವಳು ತನ್ನ ಹಿಂದಲೆಯನ್ನು ಮುಟ್ಟಿ ನೋಡಿಕೊಂಡಳು. ಇಷ್ಟು ವರ್ಷ ಹೊತ್ತ ಗಾರೆಬುಟ್ಟಿಯ ಕೆಳಗೇ, ಯಾರೂ ಇಳಿಬಿಡದ ಒಂದು ಗುಂಡು ಹಗಲೂ ರಾತ್ರಿ ತೂಗುತ್ತಿತ್ತಲ್ಲ! ಅಂಥದ್ದೊಂದು ಇದೆಯೆಂದು ಯಾರಿಗೆ ಗೊತ್ತಿತ್ತು?

ಜೀವ ಉಳಿಯಿತು. ಆದರೆ ಲೋಕವೇ ಓರೆಯಾದರೆ ಗೋಡೆ ಕಟ್ಟುವವನು ಏನು ಮಾಡಬೇಕು? ಅವಳು ಗುಂಡನ್ನು ತಂದು ಡ್ರಿಪ್ ಹಾಕುವ ಸ್ಟ್ಯಾಂಡಿಗೆ ಕಟ್ಟಿದಳು. ಅವನು ದಿನಾ ನೋಡುವನು, "ಓರೆ" ಎಂದು ಮುಖ ತಿರುಗಿಸುವನು.

ಒಂದು ಬೆಳಗ್ಗೆ ಬಹಳ ಹೊತ್ತು ನೋಡಿದ.

"ನೆಟ್ಟಗಿದೆ. ಯಾರು ಸರಿಮಾಡಿದ್ದು?"

"ಯಾರೂ ಮುಟ್ಟಿಲ್ಲ ರೀ. ಅದು ಮೊದಲಿಂದ ಹಾಗೇ ಇದೆ."

"ಹಾಗಾದ್ರೆ ಸೊಟ್ಟಗಿದ್ದೋನು ನಾನೇ," ಎಂದ ಮೇಸ್ತ್ರಿ, ಮೆಲ್ಲಗೆ.

ಅವಳು ಸವತಿಯನ್ನು ಸ್ಟ್ಯಾಂಡಿನಿಂದ ಬಿಚ್ಚಿ, ಅಂಗೈಯಲ್ಲಿ ಒರೆಸಿ, ಮಡಿಲಲ್ಲಿಟ್ಟುಕೊಂಡು ಅತ್ತುಬಿಟ್ಟಳು.