ಅವ್ವ ಒಲೆ ನೋಡಲು ಹೋದದ್ದು

ಕಣ್ಣಾರೆ ಒಲೆ ನೋಡದೆ ನಮ್ಮ ಅವ್ವನಿಗೆ ಯಾರ ಮನೆಯ ಊಟವೂ ಗಂಟಲಲ್ಲಿ ಇಳಿಯುವುದಿಲ್ಲ. ಕೊಟ್ಟೂರಿನ ಬೀಗರ ಮನೆಗೆ ಹೋದರೂ "ಏನರ ಕೈಗೂಡಿಸ್ಲೇನ್ರಿ?" ಎನ್ನುತ್ತ ಸೀದಾ ಅಡುಗೆಮನೆಗೆ ನುಗ್ಗಿ, ಮಾತಾಡುತ್ತಲೇ ಒಂದೊಂದಾಗಿ ಮುಚ್ಚಳ ಎತ್ತಿ ನೋಡುತ್ತಾಳೆ. ನಾನೂ ಆಕೆಯ ಮಗಳೇ. ಕೂಡ್ಲಿಗಿ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಲೋಟ ಮೂಸದೆ ನೀರು ಕುಡಿದವಳಲ್ಲ.

ಇಂಥ ನಾವಿಬ್ಬರು ಪಶುಪತಿನಾಥನ ದರ್ಶನಕ್ಕೆಂದು ನೇಪಾಳಕ್ಕೆ ಹೊರಟದ್ದು ಹಗರಿಬೊಮ್ಮನಹಳ್ಳಿಯ ಟೂರಿನವನೊಬ್ಬನನ್ನು ನಂಬಿ. ಅಡುಗೆಯವನೂ ನಮ್ಮವನೇ, ಜೋಳದ ಹಿಟ್ಟೂ ನಮ್ಮ ಕಡೆಯದೇ ಎಂದು ಆತ ಲಿಂಗ ಮುಟ್ಟಿ ಆಣೆ ಮಾಡಿದ್ದ. ಆದರೂ ಅವ್ವ ಬೇರೆಯಾಗಿ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡಿದ್ದಳು. ದರ್ಶನವಾಗುವ ಹೊತ್ತಿಗೆ ಅವು ಮುಗಿದಿದ್ದವು.

ಪೋಖರಾದ ದಾರಿಯಲ್ಲಿ ಗುಡ್ಡ ಕುಸಿಯಿತು. ನಮ್ಮ ಬಸ್ಸು ಈಚೆ ಉಳಿಯಿತು. ಅಡುಗೆ ಹಚ್ಚಲೆಂದು ಮುಂದೆ ಹೋಗಿದ್ದ ವ್ಯಾನು ಆಚೆ. ನಮ್ಮನ್ನು ಇಬ್ಬಿಬ್ಬರಂತೆ ರಸ್ತೆ ಪಕ್ಕದ ಮನೆಗಳಲ್ಲಿ ಇಳಿಸಿದರು. ಅವ್ವ ಸಕ್ಕರೆ ಕಾಯಿಲೆಯವಳು. ಬೆಳಿಗ್ಗೆ ಗುಳಿಗೆ ನುಂಗಿದ್ದಳು, ಚಹಾ ಬಿಟ್ಟರೆ ಹೊಟ್ಟೆಗೆ ಏನೂ ಹೋಗಿರಲಿಲ್ಲ. ಕೈ ನಡುಗುತ್ತಿದ್ದವು. ಈಗ ಉಣ್ಣದಿದ್ದರೆ ಏನು ಗತಿ ಎಂದು ನನಗೆ ಹೆದರಿಕೆಯಾಯಿತು.

ಆ ಮನೆಯ ಸೊಸೆಗೆ ಹಿಂದಿ ಬರುತ್ತಿತ್ತು, ನನ್ನದು ಟೀವಿ ನೋಡಿ ಕಲಿತ ಹಿಂದಿ. ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತಿರುವುತ್ತೇವೆ, ಜೊತೆಗೆ ಸೊಪ್ಪಿನ ಸಾರು ಎಂದಳು. ಗುಡೇಕೋಟೆ ಕಡೆಯ ಮುದ್ದೆಯೇ ಅನ್ನಿ. ಅವ್ವನ ಮುಖ ಅರಳಿತು. ಅಷ್ಟರಲ್ಲಿ ಒಳಗಿನಿಂದ ಸಾರಿನ ವಾಸನೆ ಬಂತು.

"ಇದು ಸೊಪ್ಪಲ್ಲ. ಸಂತ್ಯಾಗ ಒಣಮೀನು ಮಾರೋರ ಹತ್ರ ಹಿಂಗ ನಾರತೈತಿ," ಎಂದು ಅವ್ವ ಸೆರಗನ್ನು ಮೂಗಿಗೆ ಹಿಡಿದಳು.

"ಸೊಪ್ಪನ್ನ ಕೊಳಿಸಿ ಒಣಗಸ್ತಾರಂತ, ಯವ್ವಾ," ಎಂದೆ ಸೊಸೆಯನ್ನು ಕೇಳಿ.

"ಕೊಳತಿದ್ದನ್ನ ಯಾರರ ತಿಂತಾರೇನಲೇ? ಸುಳ್ಳು ಹೇಳ್ತಾಳ."

ಸುಳ್ಳೆಂದೇ ನನಗೂ ಅನಿಸಿತ್ತು. ಪರದೇಶದಲ್ಲಿ ಸಸ್ಯಾಹಾರ ಎಂದರೆ ಸಾರಿನಿಂದ ಮೀನು ಎತ್ತಿಟ್ಟು ಬಡಿಸುವುದು ಎಂದು ಯಾರೋ ಹೇಳಿದ್ದು ತಲೆಯಲ್ಲಿ ಕೂತಿತ್ತು. ಸೊಸೆಯನ್ನು ಮತ್ತೊಮ್ಮೆ ಕೆದಕುತ್ತಿದ್ದೆ, ತಿರುಗಿ ನೋಡಿದರೆ ಪಕ್ಕದಲ್ಲಿ ಅವ್ವ ಇರಲಿಲ್ಲ. ಒಳಗೆ ಹೋಗಿ, ಒಲೆಯ ಸುತ್ತ ಕೆಮ್ಮಣ್ಣು ಸಾರಿಸಿದ ಅಂಚು ದಾಟಿ, ಸಾರಿನ ಮುಚ್ಚಳ ಎತ್ತಿದ್ದಳು.

ಚೀರಿದ್ದು ಆ ಮನೆಯ ಅತ್ತೆ. ಅವ್ವನ ವಯಸ್ಸಿನ ಮುದುಕಿ, ಕೋಳಿ ಅಟ್ಟಿದ ಹಾಗೆ ಕೈ ಬೀಸಿ ಅವ್ವನನ್ನು ಹೊರಗೆ ಅಟ್ಟಿದಳು. ಸೊಸೆ ನಾಚಿಕೊಂಡು ವಿವರಿಸಿದಳು. ಅತ್ತೆ ಮಿಂದು ಮಡಿಯಲ್ಲಿ ಮಾಡಿದ ಅಡುಗೆಯಂತೆ. ಹೊರಗಿನವರು ಮುಟ್ಟಿದರೆ ಉಣ್ಣುವುದಿಲ್ಲವಂತೆ. ನೀವು ಯಾವ ಜಾತಿಯೋ, ಏನು ತಿನ್ನುವವರೋ ಆಕೆಗೇನು ಗೊತ್ತು?

ನಮಗೆ ಈ ಮಾತು! ಲಿಂಗ ಕಟ್ಟಿಕೊಂಡವರಿಗೆ! ನನಗೆ ಮೈಯೆಲ್ಲ ಉರಿಯಿತು. ಕೊರಳಿನ ಶಿವದಾರ ಎಳೆದು ತೋರಿಸಿದೆ. ಮುದುಕಿ ಅದನ್ನೂ ಅನುಮಾನದಿಂದಲೇ ನೋಡಿದಳು. ಮಾಡಿದ್ದನ್ನೆಲ್ಲ ಎಮ್ಮೆಗೆ ಸುರಿದು, ಒಲೆ ಸಾರಿಸಿ, ಮತ್ತೆ ಮಿಂದು ಬಂದು ಹೊಸದಾಗಿ ಅಡುಗೆಗೆ ಕೂತಳು.

ಅವ್ವನಿಗೆ ಮಾತ್ರ ಸಿಟ್ಟೇ ಬರಲಿಲ್ಲ. ನಡುಕ ನಿಲ್ಲಲೆಂದು ನಾನು ಕೇಳಿದಾಗ ಸೊಸೆ ಕೊಟ್ಟ ಸಕ್ಕರೆ ಬಾಯಿಗೆ ಹಾಕಿಕೊಂಡು ಜಗುಲಿಯ ಮೇಲೆ ನಿರಾಳವಾಗಿ ಕೂತಳು. "ಇಷ್ಟು ಮಡಿ ಮಾಡಾಕಿ ಮೀನು ಹಾಕ್ತಾಳೇನು? ಉಣ್ಣಾಕ ಅಡ್ಡಿ ಇಲ್ಲ ಬಿಡು."

ಊಟಕ್ಕೆ ನಮ್ಮನ್ನು ಒಳಗೆ ಕರೆಯಲಿಲ್ಲ. ತಟ್ಟೆ ಜಗುಲಿಗೇ ಬಂತು. ಸೌಟು ತಟ್ಟೆಗೆ ತಾಗದಂತೆ ಮುದುಕಿ ಮೇಲಿನಿಂದಲೇ ಬಡಿಸಿದಳು. ಸಾರು ಚೆಲ್ಲೀತೆಂದು ಅವ್ವ ಎರಡೂ ಕೈಯಲ್ಲಿ ತಟ್ಟೆ ಎತ್ತಿ ಹಿಡಿದಳು. ನಮ್ಮ ಹೊಲಕ್ಕೆ ಕಳೆ ಕೀಳಲು ಬರುವ, ಕುರಿ ಸಾಕುವ ಮನೆಯ ಹೆಂಗಸು ನಮ್ಮ ಹಿತ್ತಲಲ್ಲಿ ಕೂತು ತಟ್ಟೆ ಎತ್ತುವುದು ಹೀಗೆಯೇ. ನನಗೆ ಅದು ಕಂಡುಬಿಟ್ಟಿತು. ಅವ್ವನಿಗೆ ಕಾಣದಿರಲಿ ಎಂದುಕೊಂಡೆ.

"ಒಣಗಿಸಿದ ಕಡ್ಲಿಪಲ್ಲೆ ಹುಳಿ ಇದ್ದಂಗ ಐತಿ," ಎಂದು ಅವ್ವ ಚಪ್ಪರಿಸಿ ಉಂಡಳು. ಮುದ್ದೆ ಅರ್ಧವಾದಾಗ ಕೈ ನಿಂತಿತು.

"ಹಿತ್ತಲದಾಗ ನಾನೂ ಹಿಂಗ ಮ್ಯಾಲಿಂದ ಹಾಕ್ತೀನೇನವಾ?"

"ಹೂಂ," ಎಂದೆ.

ಉಳಿದದ್ದನ್ನು ಅವ್ವ ನುಂಗಿ ಮುಗಿಸಿದಳು. ಮುದುಕಿ ಇನ್ನೊಂದು ಮುದ್ದೆ ಹಿಡಿದು ಬಾಗಿಲಿಗೆ ಬಂದಳು. ಅವ್ವನಿಗೆ ಇನ್ನೂ ಹಸಿವಿತ್ತು, ಆದರೆ ತಟ್ಟೆ ಎತ್ತಲಿಲ್ಲ.