ಡೈವೋರ್ಸಿಗೊಂದು ಲಗ್ನದ ಫೋಟೋ

ಡೈವೋರ್ಸ್ ಅರ್ಜಿ ಹಾಕಬೇಕಂದ್ರ ಮೊದಲು ಲಗ್ನ ಆಗಿದ್ದು ತೋರಿಸಬೇಕಂತ. ಹೊಸಪೇಟೆಯ ನಮ್ಮ ವಕೀಲರು ಲಗ್ನದ ಫೋಟೋ ಕೇಳಿದರು. ನಾನೋ, ಸಿಟ್ಟಿನಾಗ ಇದ್ದಬದ್ದ ಫೋಟೋದಾಗೆಲ್ಲಾ ಗಂಡನ್ನ ಕತ್ತರಿಸಿ ಒಲೆಗೆ ಹಾಕಿದ್ದೆ. ಹಂಗಾಗಿ ಕಂಪ್ಲಿಗೆ ಹೋಗಿ, ಅವತ್ತು ಫೋಟೋ ತೆಗೆದಿದ್ದ ಸ್ಟುಡಿಯೋದವರನ್ನೇ ಹಿಡಿದೆ.

ಅವರು ಕಂಪ್ಯೂಟರಿನಾಗ ಹುಡುಕಿ, "ಜೋಡಿ ಮಸ್ತ್ ಐತ್ರಿ. ಫ್ರೇಮ್ ಹಾಕಿ ಕೊಡ್ಲೇನು?" ಅಂದರು.

"ಬ್ಯಾಡ್ರಿ. ಕೋರ್ಟಿಗೆ ಬೇಕು, ಡೈವೋರ್ಸಿಗೆ. ಅರ್ಜಿಗೆ ನಂದೊಂದು ಪಾಸ್‌ಪೋರ್ಟ್ ಸೈಜ್ ಫೋಟೋನೂ ತೆಗೀರಿ."

ಅವರು ಮಾರಿ ಸಣ್ಣದು ಮಾಡಿದರು. "ಸಂಸಾರ ಅಂದಮ್ಯಾಲ ಹೊಂದ್ಕೊಂಡು ಹೋಗಬೇಕವ್ವಾ," ಅನ್ಕೋತ ಕುರ್ಚಿ ತೋರಿಸಿದರು. ಕುಂತೆ.

"ನಗಬ್ಯಾಡ್ರಿ, ಇದು ಕೋರ್ಟಿನ ಫೋಟೋ," ಅಂದರು.

"ಲಗ್ನದ ದಿನ ನಗವ್ವಾ ನಗವ್ವಾ ಅಂತ ಜೀವ ತಿಂದ್ರಿ, ಬರಲಿಲ್ಲ. ಇವತ್ತು ತಾನಾಗೇ ಬರಾಕತ್ತೈತಿ. ಸುಮ್ನ ತೆಗೀರಿ!"

ಎರಡೂ ಫೋಟೋ ಒಯ್ದು ಕೊಟ್ಟೆ. ವಕೀಲರು ಪಾಸ್‌ಪೋರ್ಟ್ ಫೋಟೋ ನೋಡಿ ಹುಬ್ಬು ಗಂಟಿಕ್ಕಿದರು.

"ಏನಮ್ಮಾ ಇದು? ಜಡ್ಜ್ ನೋಡ್ತಾರ. ಸಪ್ಪಗಿರೋ ಫೋಟೋ ಇಲ್ಲೇನು?"

"ಐತಲ್ರಿ ಸರ್," ಅಂದು ಲಗ್ನದ ಫೋಟೋ ಮುಂದ ಸರಿಸಿದೆ.