ಹಿಮದಲ್ಲಿ ಕುಣಿಯುವವಳಿಗೊಂದು ಕಂಬಳಿ

ಒದ್ದೆ ಕಂಬಳಿಯ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಕುರಿಯ ಉಣ್ಣೆ, ಮಣ್ಣು, ಹುಣಸೆಬೀಜ ಅರೆದು ಕುದಿಸಿ ನೂಲಿಗೆ ಹಚ್ಚಿದ ಗಂಜಿ, ಎಲ್ಲ ಸೇರಿದ ಹುಳಿಹುಳಿ ವಾಸನೆ ಅದು. ಮೊನ್ನೆ ನಾನು ಪಾಠ ಮಾಡುವ ಮೊಳಕಾಲ್ಮೂರಿನ ಶಾಲೆ ಮುಗಿಸಿಕೊಂಡು ಚಳ್ಳಕೆರೆ ಬಸ್ಸು ಹತ್ತಿದ್ದೆ. ತಳಕಿನಲ್ಲಿ ಜಡಿಮಳೆಗೆ ನೆಂದ ಕಂಬಳಿ ಹೊದ್ದ ಕುರಿಯವನೊಬ್ಬ ಹತ್ತಿ ಪಕ್ಕದಲ್ಲಿ ಕುಳಿತ. ಅವನ ಮೊಬೈಲಿನಲ್ಲಿ ಕೋಟು ಹಾಕಿಕೊಂಡವನೊಬ್ಬ ಯುದ್ಧ ಆಗಲೇಬೇಕೆಂದು ಕೂಗಾಡುತ್ತಿದ್ದ. "ಸ್ಟುಡಿಯೋದಾಗೆ ಕುಂತು ಯುದ್ಧ ಮಾಡ್ತಾನೆ ನೋಡವ್ವ. ಏಸಿ ಬ್ಯಾರೆ ಐತೆ ಅವ್ನಿಗೆ" ಎಂದ ಆ ಮನುಷ್ಯ. ನಾನು ನಕ್ಕೆ. ನಕ್ಕ ಬೆನ್ನಿಗೇ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. ಆ ವಾಸನೆಯೂ ನಮ್ಮ ಅಜ್ಜಿಯದು, ಆ ಮಾತಿನ ಧಾಟಿಯೂ ನಮ್ಮ ಅಜ್ಜಿಯದು.

ನಮ್ಮ ಮನೆ ಇದ್ದದ್ದು ಚಳ್ಳಕೆರೆಯ ಕಂಬಳಿ ನೇಯುವವರ ಓಣಿಯಲ್ಲಿ. ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ; ಮಗ್ಗದ ಗುಂಡಿಗೆ ಮಣ್ಣು ತುಂಬಿ ಟೈಲ್ಸ್ ಹಾಕಿದ್ದಾರೆ. ಆ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಅಜ್ಜ ದಿನವಿಡೀ ನೇಯುತ್ತಿದ್ದ, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಅಜ್ಜಿಯೇ ರಾಟೆಯ ಮುಂದೆ ಕುಳಿತು ಆಡಿ ಮುಗಿಸುತ್ತಿದ್ದಳು. ಅಪ್ಪ ಎಣ್ಣೆ ಮಿಲ್ಲಿನಿಂದ ಹಿಂದಿನ ದಿನದ ಪೇಪರ್ ತರುತ್ತಿದ್ದ, ಮೂಲೆಗಳಲ್ಲಿ ಶೇಂಗಾ ಎಣ್ಣೆಯ ಕಲೆ. ಓದು ಬಾರದ ಅಜ್ಜಿಗೆ ಅದನ್ನು ಓದಿ ಹೇಳುವುದು ಐದನೇ ಕ್ಲಾಸಿನ ನನ್ನ ಕೆಲಸ. ಹಳೇ ಪೇಪರ್ ಅಂತ ಮೂತಿ ತಿರುವಿದರೆ, "ನಿನ್ನೆ ಸುಳ್ಳು ಇವತ್ತಿಗೂ ಸುಳ್ಳೇ ಅಲ್ಲೇನೇ, ಓದು" ಅನ್ನುತ್ತಿದ್ದಳು. ಮಂತ್ರಿಗಳ ಫೋಟೊ ಕಂಡರಂತೂ ಅವಳಿಗೆ ಹಬ್ಬ. "ಓಟು ಕೇಳಾಕೆ ಬಂದಾಗ ಕೈ ಮುಗೀತಾನೆ, ಗೆದ್ಮ್ಯಾಲೆ ಕೈ ಬೀಸ್ತಾನೆ. ಆ ಕೈಗೊಂದು ರಾಟೆ ಕೊಡ್ರಿ, ಉಣ್ಣೆನಾದ್ರೂ ನೂಲ್ಲಿ." ಸೈನ್ಯದ ಸುದ್ದಿ ಬಂದರೆ ಅದಕ್ಕೂ ಒಂದು ಮಾತು ಇತ್ತು: "ಬಂದೂಕ ಯಾವ್ಯಾವ ದೇಶದಿಂದನೋ ತರ್ತಾರಂತೆ. ನಮ್ಮೂರ ಕಂಬಳಿ ತಗಳ್ಳಾಕೆ ಏನು ಧಾಡಿ ಇವ್ರಿಗೆ?"

ಭಾನುವಾರ ಎದುರು ಮನೆಯ ಟಿವಿ ಮುಂದೆ ಓಣಿಯೇ ಸೇರುತ್ತಿತ್ತು. ಸಿನಿಮಾದಲ್ಲಿ ಹಿಮದ ಹಾಡು ಬಂದರೆ ಸಾಕು, ಎಲ್ಲರೂ ತೆರೆ ಬಿಟ್ಟು ಅಜ್ಜಿಯ ಮುಖ ನೋಡುತ್ತಿದ್ದರು. ಅವಳೂ ಸುಮ್ಮನೆ ಬಿಡುವವಳಲ್ಲ. "ಅವ್ನಿಗೆ ಸ್ವೆಟರು, ಬೂಟು, ಕುತ್ತಿಗಿಗೆ ಶಾಲು. ಆ ಕೂಸಿಗೆ ಒಂದು ತೆಳ್ಳನ ಸೀರೆ. ಯಾರಾದ್ರೂ ಕಂಬಳಿ ಹೊದಿಸ್ರೇ, ಸತ್ತುಗಿತ್ತಾಳು" ಅನ್ನುತ್ತಿದ್ದಳು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಮ್ಮ ತಿಪ್ಪೇಶಿ ಚಿಕ್ಕಪ್ಪ, ಅಜ್ಜಿಯ ಕಡೇ ಮಗ. ಅವನು ನಕ್ಕರೆ ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಉರುಳುತ್ತಿದ್ದ.

ಅವನು ಮಿಲಿಟರಿ ಸೇರಿದ. ಎರಡು ವರ್ಷ ಎಲ್ಲೆಲ್ಲೋ ಇದ್ದು ಉತ್ತರದ ಗಡಿಗೆ ಹೋದ ಮೇಲೆ ಬಂದ ಕಾಗದವನ್ನೂ ನಾನೇ ಓದಿದೆ. "ಅವ್ವಾ, ಇಲ್ಲಿ ಹಿಮ ಬೀಳುತ್ತದೆ. ನೀನು ಬೈಯುತ್ತಿದ್ದ ಹಾಡಿನಲ್ಲಿ ಇದೆಯಲ್ಲ, ಅದೇ ಹಿಮ" ಎಂದು ಬರೆದಿದ್ದ. ಅವತ್ತಿನಿಂದ ಅಜ್ಜಿಗೆ ಮಂತ್ರಿಗಳೂ ಬೇಡವಾದರು, ಸಿನಿಮಾದವರೂ ಬೇಡವಾದರು. ಪೇಪರ್ ಬಿಚ್ಚಿದರೆ ಒಂದೇ ಪ್ರಶ್ನೆ: "ಹಿಮದ್ದು ಏನಾರ ಬಂದೈತಾ?" ಎಳೇ ಕುರಿಯ ಮೊದಲ ಕತ್ತರಿಯ ಉಣ್ಣೆಯನ್ನೇ ಆರಿಸಿ ನೂತಳು. ಅಜ್ಜ ಅದನ್ನು ನೇಯ್ದು ಕೊಟ್ಟ. ಬಿಳೀ ಬಟ್ಟೆಯೊಳಗಿಟ್ಟು ಸುತ್ತಲೂ ಹೊಲಿದು, ಸೋಮವಾರ ಪೋಸ್ಟಿಗೆ ಹಾಕುವುದೆಂದು ಬಾಗಿಲ ಹತ್ತಿರವೇ ಇಟ್ಟಿದ್ದಳು.

ಭಾನುವಾರ ಬಿಚ್ಚಿದ ಪೇಪರಿನಲ್ಲಿ ಗಡಿಯಲ್ಲಿ ಹಿಂದೆಂದೂ ಕಾಣದಷ್ಟು ಹಿಮ ಬಿದ್ದಿದೆ, ಸೈನಿಕರಿಗೆ ದಾರಿಯೇ ಇಲ್ಲ ಎಂದಿತ್ತು. ಅಜ್ಜಿ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಮುದ್ದೆ ತಟ್ಟೆಯಲ್ಲೇ ಒಣಗುತ್ತಿತ್ತು. ನನಗೆ ಏನನ್ನಿಸಿತೋ, "ಅಲ್ಲಿ ಹಿಮ ಎಲ್ಲಾ ಕರಗೈತಂತೆ ಅಜ್ಜಿ, ಬಿಸಿಲು ಬಂದೈತಂತೆ" ಎಂದು ಓದಿಬಿಟ್ಟೆ. ಪೇಪರಿನ ಮೇಲೆ ಬೆರಳು ಬೇರೆ ಓಡಿಸಿದೆ, ಅಕ್ಷರ ತೋರಿಸುವವಳ ಹಾಗೆ. ಅಜ್ಜಿಯ ಮುಖ ಅರಳಿತು. "ಯಾವ ಮಂತ್ರಿ ಕರಗಿಸಿದ್ನಂತೆ? ಅದ್ನೂ ತಾನೇ ಮಾಡ್ದೆ ಅಂದಿರ್ತಾನೆ" ಎಂದು ನಕ್ಕು, ತಟ್ಟೆ ಎಳೆದುಕೊಂಡಳು. ಉಂಡು ಕೈ ತೊಳೆದು, "ಹಂಗಾರೆ ಈ ಭಾರ ಯಾಕೆ ಕಳಿಸಾದು, ರಜಕ್ಕೆ ಬಂದಾಗ ತಗಂಡು ಹೋಗ್ಲಿ ಬಿಡು" ಎಂದು ಗಂಟನ್ನು ಎತ್ತಿ ಟ್ರಂಕಿನೊಳಗೆ ಇಟ್ಟಳು. ಅವಳ ಬಾಯಿಂದ ನಾನು ಕೇಳಿದ ಕೊನೆಯ ತಮಾಷೆ ಆ ಮಂತ್ರಿಯದೇ.

ಹತ್ತು ದಿನಕ್ಕೆ ಚಿಕ್ಕಪ್ಪ ಪೆಟ್ಟಿಗೆಯಲ್ಲಿ ಬಂದ. ಹಿಮದ ಗುಡ್ಡೆ ಜಾರಿ ಮಲಗಿದ್ದ ಗುಡಾರದ ಮೇಲೆ ಬಿದ್ದಿತ್ತಂತೆ. ಓಣಿಯ ತುಂಬ ಕಾರು. ದೊಡ್ಡ ರಾಜಕಾರಣಿಯೊಬ್ಬರು ಬಂದು ಅಜ್ಜಿಯ ಮುಂದೆ ಕೈ ಮುಗಿದು ನಿಂತರು. ಅಜ್ಜಿ ಆ ಕೈಗಳನ್ನೇ ನೋಡಿದಳು. ಪೆಟ್ಟಿಗೆಯ ಜೊತೆ ಬಂದಿದ್ದ ಸೈನಿಕ ನಮ್ಮ ಸೀಮೆಯವನೇ. ಅವನ ತೋಳು ಹಿಡಿದು ಕೇಳಿದಳು.

"ಅಲ್ಲಿ ಚಳಿ ಭಾಳನೇನಪ್ಪ?"

"ಹೂಂ ಅವ್ವ. ವರ್ಷಪೂರ್ತಿ ಚಳಿನೇ."

"ಹಿಮ ಕರಗಿತ್ತಂತಲ್ಲಪ್ಪ, ಬಿಸಿಲು ಬಂದಿತ್ತಂತಲ್ಲ?"

"ಇಲ್ಲವ್ವ, ಎಲ್ಲಿ ಕರಗ್ತೈತೆ ಅದು."

ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಅಜ್ಜಿ ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ, ಎರಡು ಏಟು ಹಾಕಿದ್ದರೆ, ಎಷ್ಟೋ ಒಳ್ಳೆಯದಿತ್ತು. ಮಣ್ಣು ಮಾಡುವ ಹೊತ್ತಿಗೆ ಸೈನಿಕರು ಪೆಟ್ಟಿಗೆಯ ಮೇಲಿನ ಬಾವುಟ ತೆಗೆದು ಮಡಚಿ ಅಜ್ಜನ ಕೈಗೆ ಕೊಟ್ಟರು. ಅಜ್ಜಿ ಟ್ರಂಕಿನಿಂದ ತಂದ ಗಂಟಿನ ಹೊಲಿಗೆಯನ್ನು ಹಲ್ಲಿನಿಂದ ಕಿತ್ತು, ಬಾವುಟ ಇದ್ದ ಜಾಗಕ್ಕೆ ಕಂಬಳಿ ಹೊದಿಸಿದಳು. ಪುಟ್ಟ ಮಗುವಿಗೆ ಮಾಡುವ ಹಾಗೆ ಅಂಚನ್ನು ಒಳಕ್ಕೆ ಒತ್ತಿದಳು.

ಹಿಮದ ಗುಡ್ಡೆಯನ್ನು ಒಂದು ಕಂಬಳಿ ತಡೆಯುವುದಿಲ್ಲ, ಕಳಿಸಿದ್ದರೂ ಅಷ್ಟರಲ್ಲಿ ಅದು ತಲುಪುತ್ತಲೂ ಇರಲಿಲ್ಲ ಅಂತ ಈಗ ನನಗೆ ಗೊತ್ತು. ಗೊತ್ತಿದ್ದು ಏನು ಬಂತು? ಅಜ್ಜಿ ಮತ್ತೆಂದೂ ನನ್ನ ಕೈಲಿ ಪೇಪರ್ ಓದಿಸಲಿಲ್ಲ. ನಾನಾಗಿಯೇ ಹೋಗಿ, ಮಂತ್ರಿ ವೇದಿಕೆಯಿಂದ ಬಿದ್ದನಂತೆ ಅಂತ ಹೇಳಿದರೂ "ಹೌದೇನವ್ವ" ಅನ್ನುವಳು, ಅಷ್ಟೇ. ರಾಟೆ ತಿರುಗುತ್ತಿತ್ತು, ಮನೆ ಮಾತ್ರ ಮೂಕವಾಗಿತ್ತು.

ಎಷ್ಟೋ ವರ್ಷದ ಮೇಲೆ, ನಮ್ಮ ಮನೆಗೇ ಟಿವಿ ಬಂದಾಗ, ಒಂದು ಮಧ್ಯಾಹ್ನ ಮತ್ತೆ ಹಿಮದ ಹಾಡು ಬಂತು. ಹಳೇ ಅಭ್ಯಾಸ, ಎಲ್ಲರೂ ಅಜ್ಜಿಯ ಕಡೆ ತಿರುಗಿದೆವು. ಅವಳು ತೆರೆಯನ್ನೇ ನೋಡುತ್ತಾ, "ಆ ಕೂಸಿಗೆ ಯಾರಾದ್ರೂ ಕಂಬಳಿ ಹೊದಿಸ್ರವ್ವಾ" ಎಂದಳು. ಯಾರೂ ನಗಲಿಲ್ಲ. ಅವಳು ನಮ್ಮೊಬ್ಬೊಬ್ಬರ ಮುಖವನ್ನೂ ನೋಡಿದಳು, ಯಾರಾದರೂ ಎದ್ದಾರೇನೋ ಅಂತ ಕಾಯುವವಳ ಹಾಗೆ. ನಾನು ಎದ್ದು ಟಿವಿ ಆರಿಸಿದೆ. ಅವಳ ಕಾಲ ಬುಡದಲ್ಲಿ ಕುಳಿತು, ಪೇಪರಿನಲ್ಲಿ ಅವತ್ತು ಹಾಗೆ ಬರೆದಿರಲಿಲ್ಲ ಅಜ್ಜಿ ಅನ್ನಬೇಕೆಂದು ಬಾಯಿ ತೆರೆದೆ. "ನೀರು ಬೇಕಾ?" ಎಂದು ಕೇಳಿದೆ.

ಆಮೇಲೂ ಅವಳು ಆರು ವರ್ಷ ಬದುಕಿದ್ದಳು. ಅಷ್ಟು ದಿನ ಸಾಕಾಗಲಿಲ್ಲ ನನಗೆ, ಆ ಒಂದು ಮಾತು ಹೇಳುವುದಕ್ಕೆ.